ಮೂವತ್ತಾರರ ಮುಕ್ಕಾಲು

ಫೆಬ್ರವರಿ 6

ಅತ್ತೆ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಕೆಲಸದ ಮಾತು. ನನಗೆ ಭಿನ್ನರಾಶಿ ಕಲಿಸಿಕೊಡು.

ನಾನು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದೇನೆ ಎಂದು ಅಪ್ಪ ಹೇಳಿರಬೇಕು. ಮೂರು ವರ್ಷದಿಂದ ಹಸಿ ನೂಲು ಹೊರುವುದೇ ನನ್ನ ಕೆಲಸ. ತೊಟ್ಟಿಯಿಂದ ಎತ್ತು, ಹಿಂಡು, ತಂತಿಗೆ ಹಾಕು. ಈಗ ಬಣ್ಣ ಬೆರೆಸುವವನೊಬ್ಬ ಕೆಲಸ ಬಿಟ್ಟಿದ್ದಾನೆ, ಅವನ ಜಾಗಕ್ಕೆ ಒಳಗಿನವರನ್ನೇ ತೆಗೆದುಕೊಳ್ಳುತ್ತಾರಂತೆ. ಏಪ್ರಿಲ್ ಹನ್ನೆರಡಕ್ಕೆ ಬರವಣಿಗೆಯ ಪರೀಕ್ಷೆ, ಹತ್ತು ಲೆಕ್ಕ. ಎಲ್ಲವೂ ಮಾತಿನಲ್ಲಿ ಸುತ್ತಿಸಿ ಕೇಳುವ ಲೆಕ್ಕ. ತೊಟ್ಟಿ ಇಷ್ಟು ಭಾಗ ತುಂಬಿದ್ದರೆ ಉಪ್ಪು ಎಷ್ಟು, ಬಣ್ಣ ಎಷ್ಟು ಅನ್ನುವಂಥವು. ಈ ಜಾಗ ಮತ್ತೆ ಖಾಲಿಯಾಗುವುದು ಇನ್ಯಾರಾದರೂ ಬಿಟ್ಟಾಗ. ಅಷ್ಟರಲ್ಲಿ ನನ್ನ ಭುಜ ಬಿದ್ದುಹೋಗಿರುತ್ತದೆ.

ಹೆಸರು ಕೊಡಲು ಹೋದಾಗ ಬಣ್ಣದ ಮೇಸ್ತ್ರಿ ಕೇಳಿದರು, "ಎಷ್ಟನೇ ಕ್ಲಾಸು ಓದಿದ್ದೀಯ?"

"ಏಳು. ಮುಗಿಸಿಲ್ಲ."

"ಯಾಕೆ, ಮನೇಲಿ ಕಷ್ಟವೇನು?"

"ಇಲ್ಲ. ಬೆಂಚಿನ ಮೇಲೆ ಕೂರೋಕೆ ಆಗಲಿಲ್ಲ."

ಅವರು ನಕ್ಕು ಹೆಸರು ಬರೆದುಕೊಂಡರು. ನೀನು ಸಂಜೆ ಶಾಲೆಯಲ್ಲಿ ಲಾರಿ ಓಡಿಸುವವರಿಗೆ, ಗಾರೆಯವರಿಗೆಲ್ಲ ಲೆಕ್ಕ ಕಲಿಸಿದವಳು. ನನಗೂ ಕಲಿಸು. ಈ ಸಲ ಕೂರುತ್ತೇನೆ.

ನಿನ್ನ ಚಡಪಡಿ

ಫೆಬ್ರವರಿ 12

ಚಡಪಡಿ,

ಕಲಿಸುತ್ತೇನೆ. ಆದರೆ ಫೋನು ಬೇಡ. ಲೆಕ್ಕ ಕಾಗದದ ಮೇಲೆ ಬರಲಿ. ನೀನು ಹೊಡೆದುಹಾಕಿದ್ದೂ ನನಗೆ ಕಾಣಬೇಕು. ಉಜ್ಜಿ ಅಳಿಸಿದರೆ ಆ ಹಾಳೆಯನ್ನು ಹಾಗೇ ವಾಪಸು ಕಳಿಸುತ್ತೇನೆ.

ನಾನು ಸದ್ಯಕ್ಕೆ ಗೆಳತಿಯೊಬ್ಬಳ ಮನೆಯಲ್ಲಿದ್ದೇನೆ. ವಿಳಾಸ ಲಕೋಟೆಯ ಹಿಂದೆ ಇದೆ. ಗಾಳಿ ಬೆಳಕು ಚೆನ್ನಾಗಿದೆ, ಊಟಕ್ಕೆ ಮಾತ್ರ ಉಪ್ಪು ಹಾಕುವುದಿಲ್ಲ.

ಮೂರು ಲೆಕ್ಕ ಕೊಟ್ಟಿದ್ದೇನೆ.

ತುಂಬು ತೊಟ್ಟಿಗೆ ಹನ್ನೆರಡು ಕಿಲೋ ಉಪ್ಪು ಬೇಕು. ತೊಟ್ಟಿ ಮೂರನೇ ಎರಡು ಭಾಗ ಮಾತ್ರ ತುಂಬಿದ್ದರೆ ಎಷ್ಟು ಬೇಕು?

ಇಪ್ಪತ್ತು ಕಟ್ಟು ನೂಲಿನಲ್ಲಿ ನಾಲ್ಕನೇ ಮೂರು ಭಾಗ ಒಣಗಿದೆ. ಒಣಗಿದ ಕಟ್ಟು ಎಷ್ಟು?

ಒಂದು ಹಜಾರದ ಉದ್ದ ಮೂವತ್ತಾರು ಮೀಟರ್. ಒಬ್ಬ ಹೆಂಗಸು ಅದರ ಒಂಬತ್ತನೇ ಒಂದು ಭಾಗ ನಡೆದಳು. ಎಷ್ಟು ಮೀಟರ್ ನಡೆದಳು?

ಅತ್ತೆ

ಫೆಬ್ರವರಿ 17

ಅತ್ತೆ,

ಮೊದಲನೆಯದಕ್ಕೆ ಹದಿನೆಂಟು ಕಿಲೋ. ಎಂಟು ಎಂದೂ ಬಂದಿತ್ತು, ಹೊಡೆದುಹಾಕಿದೆ. ಗುಣಿಸಿದರೆ ಹೆಚ್ಚಾಗಬೇಕು ತಾನೇ? ಹನ್ನೆರಡನ್ನು ಗುಣಿಸಿ ಹನ್ನೆರಡಕ್ಕಿಂತ ಕಡಿಮೆ ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದು ತಿಳಿದು ಮೇಲಿನದನ್ನು ಕೆಳಗೆ ಹಾಕಿದೆ, ಕೆಳಗಿನದನ್ನು ಮೇಲೆ.

ಎರಡನೆಯದಕ್ಕೆ ಹದಿನೈದು ಕಟ್ಟು. ಇದನ್ನು ನಾನು ಗುಣಿಸಲೇ ಇಲ್ಲ ಎಂದು ಹೇಳಿಬಿಡುತ್ತೇನೆ. ಇಪ್ಪತ್ತರ ಮುಕ್ಕಾಲು ಹದಿನೈದು ಎಂದು ಬಾಯಿಗೇ ಬಂತು. ಅರ್ಧ, ಕಾಲು, ಮುಕ್ಕಾಲು ಎಂದರೆ ನನಗೆ ಮನೆಯವರಿದ್ದ ಹಾಗೆ. ಮೂರನೇ ಎರಡು, ಒಂಬತ್ತನೇ ಒಂದು ಎಂದರೆ ಯಾರೋ ಬಾಗಿಲಿಗೆ ಬಂದು ನಿಂತ ಹಾಗೆ ಆಗುತ್ತದೆ.

ಮೂರನೆಯದು ನಾಲ್ಕು ಮೀಟರ್. ಅಲ್ಲ ಅತ್ತೆ, ನಾಲ್ಕು ಮೀಟರ್ ನಡೆದು ನಿಲ್ಲುವ ಈ ಹೆಂಗಸು ಯಾರು? ಇಷ್ಟಕ್ಕೆ ಮನೆಯಿಂದ ಯಾಕೆ ಹೊರಟಳು?

ಚಡಪಡಿ

ಫೆಬ್ರವರಿ 23

ಚಡಪಡಿ,

ಹೊಡೆದುಹಾಕಿದ ಎಂಟೇ ಸರಿ. ನೋಡಿದೆಯಾ, ಅದಕ್ಕೇ ಅಳಿಸಬೇಡ ಎಂದದ್ದು.

ಗುಣಿಸುವುದು ಎಂದರೆ ಇಷ್ಟು ಸಲ ತೆಗೆದುಕೊಳ್ಳುವುದು. ಹನ್ನೆರಡನ್ನು ಎರಡು ಸಲ ತೆಗೆದುಕೊಂಡರೆ ಇಪ್ಪತ್ನಾಲ್ಕು. ಒಂದು ಸಲ ತೆಗೆದುಕೊಂಡರೆ ಹನ್ನೆರಡು. ಒಂದು ಸಲವನ್ನೂ ಪೂರ್ತಿ ತೆಗೆದುಕೊಳ್ಳಬೇಡ, ಅದರಲ್ಲಿ ಮೂರನೇ ಎರಡು ಭಾಗ ಸಾಕು ಎಂದರೆ ಹನ್ನೆರಡಕ್ಕಿಂತ ಹೆಚ್ಚು ಎಲ್ಲಿಂದ ಬರುತ್ತದೆ? ಹನ್ನೆರಡು ಕಟ್ಟು ನೂಲನ್ನು ಮೂರು ಗುಡ್ಡೆ ಮಾಡು. ಒಂದೊಂದರಲ್ಲಿ ನಾಲ್ಕು. ಎರಡು ಗುಡ್ಡೆ ಎತ್ತಿಕೋ. ಕೆಳಗಿನ ಸಂಖ್ಯೆ ಎಷ್ಟು ಗುಡ್ಡೆ ಎಂದು ಹೇಳುತ್ತದೆ, ಮೇಲಿನದು ಎಷ್ಟು ಎತ್ತಬೇಕು ಎಂದು. ಅವನ್ನು ಅದಲುಬದಲು ಮಾಡಿದರೆ ಎರಡು ಗುಡ್ಡೆ ಮಾಡಿ ಮೂರು ಎತ್ತಿಕೊಳ್ಳುತ್ತೇನೆ ಎಂದ ಹಾಗಾಯಿತು. ಮೂರನೆಯ ಗುಡ್ಡೆಯನ್ನು ಪಕ್ಕದ ಮನೆಯಿಂದ ಕದ್ದು ತರುತ್ತೀಯಾ?

ಮುಕ್ಕಾಲನ್ನು ಬಾಯಲ್ಲಿ ಹೇಳಿದ್ದಕ್ಕೆ ಅಂಕ ಕಳೆಯುವುದಿಲ್ಲ, ಹೇಳಿಬಿಟ್ಟೆಯಲ್ಲ. ಆದರೆ ಪರೀಕ್ಷೆಯಲ್ಲಿ ಎಲ್ಲರೂ ಮನೆಯವರೇ ಬರುವುದಿಲ್ಲ.

ಹತ್ತು ಲೆಕ್ಕ ಬೇರೆ ಹಾಳೆಯಲ್ಲಿದೆ. ಹನ್ನೊಂದನೆಯದು ಇಲ್ಲಿ. ಅದೇ ಹಜಾರ, ಅದೇ ಹೆಂಗಸು. ಈಗ ನಾಲ್ಕನೇ ಒಂದು ಭಾಗ.

ಅತ್ತೆ

ಮಾರ್ಚ್ 2

ಅತ್ತೆ,

ಹತ್ತಕ್ಕೆ ಹತ್ತು! ಎರಡು ಸಲ ನೋಡಿದ್ದೇನೆ, ತಪ್ಪಿದ್ದರೆ ಮುಖಕ್ಕೆ ಹೊಡೆದಂತೆ ಹೇಳು. ಈಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಗುಡ್ಡೆ ಮಾಡುತ್ತಿದ್ದೇನೆ. ತಂತಿಯ ಮೇಲಿನ ನೂಲು, ಬಸ್ಸಿನ ಸೀಟು, ಯಾವುದನ್ನೂ ಬಿಟ್ಟಿಲ್ಲ. ಅಮ್ಮ ತಟ್ಟೆಗೆ ಬಡಿಸುವಾಗ "ಇದರ ಐದನೇ ಮೂರು ಭಾಗ ಸಾಕು" ಎಂದೆ. "ಪೂರ್ತಿ ತಿನ್ನು, ಇಲ್ಲಾಂದ್ರೆ ಎದ್ದು ಹೋಗು, ತಟ್ಟೆ ಮುಂದೆ ಪಾಠ ಬೇಡ," ಎಂದಳು.

ಹಜಾರದ ಹೆಂಗಸು ಒಂಬತ್ತು ಮೀಟರ್ ನಡೆದಳು. ನಿಜ ಹೇಳಲಾ? ನನಗೆ ಅವಳ ಮೇಲೆ ಸಿಟ್ಟು ಬರುತ್ತಿದೆ. ಕಾಲಿಲ್ಲವಾ ಅವಳಿಗೆ? ಒಂದು ಸಲ ಮನಸ್ಸು ಮಾಡಿ ಆ ಮೂವತ್ತಾರನ್ನೂ ನಡೆದುಬಿಡಬಾರದಾ? ನಾನಾಗಿದ್ದರೆ ಓಡಿ ಮುಗಿಸುತ್ತಿದ್ದೆ.

ಚಡಪಡಿ

ಮಾರ್ಚ್ 8

ಚಡಪಡಿ,

ಹತ್ತಕ್ಕೆ ಹತ್ತು ನಿಜ. ಅಷ್ಟಕ್ಕೇ ತಲೆ ತಿರುಗದಿರಲಿ.

ನಿನ್ನ ಸಿಟ್ಟನ್ನು ಆ ಹೆಂಗಸಿಗೆ ಮುಟ್ಟಿಸಿದ್ದೇನೆ. ಅವಳಿಗೂ ರೋಷ ಬಂದಿದೆ. ಈ ವಾರ ಅವಳು ನಡೆದದ್ದು ಹನ್ನೆರಡನೇ ಐದು ಭಾಗ. ಲೆಕ್ಕ ಹಾಕು. ಮುಂದಿನ ಕಾಗದದಲ್ಲಿ ಅವಳು ನಿನ್ನ ಬಾಯಿ ಮುಚ್ಚಿಸದಿದ್ದರೆ ಕೇಳು.

ಅತ್ತೆ

ಮಾರ್ಚ್ 15

ಅತ್ತೆ,

ಹದಿನೈದು ಮೀಟರ್. ಅವಳ ವಿಷಯ ಬಿಡು. ನಾನು ನೂಲು ಹಾಳು ಮಾಡಿದ್ದೇನೆ.

ಪರೀಕ್ಷೆಗೆ ಹೆಸರು ಕೊಟ್ಟವರು ಒಬ್ಬೊಬ್ಬರಾಗಿ ಒಂದು ತೊಟ್ಟಿ ಬೆರೆಸಿ ನೋಡಲಿ ಎಂದು ಮೇಸ್ತ್ರಿ ಬಿಟ್ಟಿದ್ದರು. ನನ್ನ ಸರದಿ ಬಂತು. ನೀಲಿ ಬಣ್ಣ. ತುಂಬು ತೊಟ್ಟಿಗೆ ನೂಲು ತೊಂಬತ್ತು ಕಿಲೋ, ಉಪ್ಪು ಹನ್ನೆರಡು ಕಿಲೋ, ಕುದಿಸುವುದು ನಲವತ್ತೈದು ನಿಮಿಷ. ನೂಲು ಇದ್ದದ್ದು ಅದರ ಮೂರನೇ ಎರಡು ಭಾಗ, ಅರವತ್ತು ಕಿಲೋ. ನಾನು ಎಲ್ಲವನ್ನೂ ಮೂರನೇ ಎರಡರಿಂದ ಗುಣಿಸಿದೆ. ಉಪ್ಪು ಎಂಟು ಕಿಲೋ. ಬಣ್ಣವೂ ಹಾಗೇ. ನೀರೂ ಹಾಗೇ. ಗುಣಿಸಿದ ಖುಷಿಯಲ್ಲಿ ನಿಮಿಷವನ್ನೂ ಗುಣಿಸಿದೆ. ಮೂವತ್ತು ನಿಮಿಷಕ್ಕೆ ನೂಲು ಎತ್ತಿಸಿದೆ.

ತೊಳೆದಾಗ ಬಣ್ಣ ಬಿಟ್ಟಿತು. ಒಂದು ಕಡೆ ಗಾಢ, ಒಂದು ಕಡೆ ಬಿಳಿಚಿಕೊಂಡು ಮಾಸಲು.

ಪಕ್ಕದ ತೊಟ್ಟಿಯವನು ಕಿವಿಯಲ್ಲಿ ಹೇಳಿದ, "ಸುಮ್ನಿರು. ಉಗಿ ಸರಿಯಾಗಿ ಬರ್ತಿರಲಿಲ್ಲ ಅಂತ ನಾನೇ ಹೇಳ್ತೀನಿ. ತಪ್ಪು ಬಾಯ್ಲರ್ ತಲೆಗೆ ಹೋಗುತ್ತೆ."

ನಾನು ನೇರ ಮೇಸ್ತ್ರಿ ಹತ್ತಿರ ಹೋದೆ. "ನಿಮಿಷ ಕಡಿಮೆ ಮಾಡಿದ್ದು ನಾನು. ಬಾಯ್ಲರ್ ಚೆನ್ನಾಗೇ ಇತ್ತು."

ಅವರು ನೂಲನ್ನು ಬೆಳಕಿಗೆ ಹಿಡಿದರು. "ಯಾಕೆ ಕಡಿಮೆ ಮಾಡಿದೆ?"

"ಮೂರನೇ ಎರಡು ಅಂತ."

"ಓಹೋ. ಬಸ್ಸಲ್ಲಿ ಜನ ಕಡಿಮೆ ಇದ್ರೆ ಊರು ಹತ್ತಿರ ಬಂದುಬಿಡುತ್ತೇನಮ್ಮ?"

ಎಲ್ಲರೂ ನಕ್ಕರು. ಹೆಸರು ಉಳಿಸುತ್ತಾರೋ ಹೊಡೆದುಹಾಕುತ್ತಾರೋ ಹೇಳಲಿಲ್ಲ. ಯೋಚನೆ ಮಾಡುತ್ತೇನೆ ಎಂದಷ್ಟೇ ಹೇಳಿದರು. ಬೇಗ ಬರೆ ಅತ್ತೆ. ಲೆಕ್ಕ ಸರಿಯಾಗಿದ್ದೂ ತಪ್ಪಾದದ್ದು ಹೇಗೆ?

ಚಡಪಡಿ

ಮಾರ್ಚ್ 24

ಅತ್ತೆ,

ಕಾಗದ ಬರಲಿಲ್ಲ. ನೂಲು ಕೆಡಿಸಿದ್ದಕ್ಕೆ ಸಿಟ್ಟಾ? ಸಿಟ್ಟಾದರೆ ಸಿಟ್ಟು ಎಂದೇ ಬರೆ. ಬೈಗುಳವಾದರೂ ಬರಲಿ, ಜೊತೆಗೆ ನಾಲ್ಕು ಲೆಕ್ಕ ಇರಲಿ. ಮೇಸ್ತ್ರಿ ಇನ್ನೂ ಏನೂ ಹೇಳಿಲ್ಲ. ಹೆಸರು ಇದೆ ಎಂದುಕೊಂಡೇ ಓದುತ್ತಿದ್ದೇನೆ.

ಚಡಪಡಿ

ಮಾರ್ಚ್ 29

ಚಡಪಡಿ,

ಸಿಟ್ಟಿಲ್ಲ. ಸ್ವಲ್ಪ ಕೆಲಸವಿತ್ತು.

ನಿನ್ನ ಗುಣಾಕಾರ ಸರಿ. ಗುಣಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬಿಟ್ಟುಹೋಗಿದೆ. ನೂಲು ಕಡಿಮೆಯಾದರೆ ಯಾವುದು ಕಡಿಮೆಯಾಗುತ್ತದೆ, ಯಾವುದು ಆಗುವುದಿಲ್ಲ? ಉಪ್ಪು ನೂಲಿನ ಜೊತೆ ಹೋಗುತ್ತದೆ. ಬಣ್ಣವೂ ಹೋಗುತ್ತದೆ. ಹೊತ್ತು ಹೋಗುವುದಿಲ್ಲ. ಒಂದೇ ಎಳೆ ಇದ್ದರೂ ಬಣ್ಣ ಅದರ ಒಳಗೆ ಇಳಿಯಲು ಅಷ್ಟೇ ಹೊತ್ತು ಬೇಕು. ಇದನ್ನು ನಿನಗೆ ಮೊದಲೇ ಹೇಳಬೇಕಿತ್ತು. ನನಗೂ ಗೊತ್ತಿರಬೇಕಿತ್ತು.

ಹಜಾರದ ಹೆಂಗಸು ಈ ವಾರ ಆರನೇ ಒಂದು ಭಾಗ ನಡೆದಳು.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಮೇಜು ಎತ್ತರ ಸರಿಯಿಲ್ಲ.

ಅತ್ತೆ

ಏಪ್ರಿಲ್ 3

ಅತ್ತೆ,

ಮೂವತ್ತಾರರ ಆರನೇ ಒಂದು ಭಾಗ ಆರು. ಹೋದ ಸಲ ಹದಿನೈದು.

ಮೊದಲು ನೀನು ತಪ್ಪು ಬರೆದಿದ್ದೀಯ ಎಂದುಕೊಂಡೆ. ನೀನು ತಪ್ಪು ಬರೆಯುವವಳಲ್ಲ. ಹಳೆಯ ಕಾಗದಗಳನ್ನು ಸಾಲಾಗಿ ಹರಡಿದೆ. ನಾಲ್ಕು, ಒಂಬತ್ತು, ಹದಿನೈದು, ಆರು. ಲೆಕ್ಕದ ಹೆಂಗಸರು ಹಿಂದೆ ಸರಿಯುವುದಿಲ್ಲ ಅತ್ತೆ. ಹಿಂದೆ ಸರಿಯುವವರು ಬಿದ್ದವರು. ಅಕ್ಷರ ಸೊಟ್ಟಗಿರುವುದು ಮೇಜಿನಿಂದಲ್ಲ, ನೀನು ಮಲಗಿಕೊಂಡು ಬರೆದಿದ್ದೀಯ.

ಅಪ್ಪ ಗ್ಯಾರೇಜಿನಲ್ಲಿ ಬಸ್ಸಿನ ಕೆಳಗಿದ್ದರು. ಬಗ್ಗಿ ಕೇಳಿದೆ. "ಅತ್ತೆಗೆ ಏನಾಗಿದೆ?"

"ಏನೂ ಆಗಿಲ್ಲ, ಆ ಸ್ಪ್ಯಾನರ್ ಕೊಡು."

"ಹೇಳೋ ತನಕ ಕೊಡಲ್ಲ."

ಕೈ ಚಾಚಿದರು, ನಾನು ಸ್ಪ್ಯಾನರ್ ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ಕೆಳಗಿನಿಂದಲೇ ಹೇಳಿದರು. ಜನವರಿಯಲ್ಲಿ ಕಿಟಕಿ ಒರೆಸಲು ಹೋಗಿ ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದದ್ದು. ಆಪರೇಷನ್ ಆದದ್ದು. ಗೆಳತಿಯ ಮನೆಯಲ್ಲ, ನಡೆಯಲು ಕಲಿಸುವ ಆರೈಕೆ ಕೇಂದ್ರ ಎನ್ನುವುದು. ನನಗೆ ಹೇಳಕೂಡದೆಂದು ನೀನು ಅವರಿಂದ ಆಣೆ ಹಾಕಿಸಿಕೊಂಡದ್ದು.

ನಾನು ಶಾಲೆ ಬಿಟ್ಟಾಗ "ಬಿಟ್ಟೆ" ಎಂದೆ. ನೂಲು ಕೆಡಿಸಿದಾಗ "ಕೆಡಿಸಿದೆ" ಎಂದೆ. ನೀನು ಗೆಳತಿಯ ಮನೆ, ಗಾಳಿ ಬೆಳಕು ಎಂದೆ. ಕಾಲಿಲ್ಲವಾ ಅವಳಿಗೆ ಎಂದು ನನ್ನ ಕೈಯಲ್ಲೇ ಬರೆಸಿದೆ. ಅದನ್ನು ಓದುವಾಗ ನಿನಗೆ ಹೇಗಾಯಿತು ಎಂದು ನೆನೆದರೆ ನನಗೆ ಊಟ ಇಳಿಯುವುದಿಲ್ಲ.

ಮೇಸ್ತ್ರಿ ನನ್ನ ಹೆಸರು ಉಳಿಸಿದ್ದಾರೆ. ಆದರೆ ಬಸ್ಸಿನಲ್ಲಿ ಬರಲು ಒಂದು ದಿನ, ಹೋಗಲು ಒಂದು ದಿನ. ಹನ್ನೊಂದನೇ ತಾರೀಕು ಹೊರಡುತ್ತೇನೆ. ಆ ವಾರ ಬಿಟ್ಟರೆ ನನಗೆ ರಜೆಯಿಲ್ಲ. ಪರೀಕ್ಷೆ ಹೋದರೆ ಹೋಗಲಿ.

ಚಡಪಡಿ

ಏಪ್ರಿಲ್ 7

ಚಡಪಡಿ,

ಬರಬೇಡ. ಬಂದರೆ ನಿನ್ನ ಮುಖ ನೋಡುವುದಿಲ್ಲ, ಗೋಡೆ ಕಡೆ ತಿರುಗುತ್ತೇನೆ. ಅಷ್ಟು ಮಾಡಲು ಸೊಂಟ ಒಪ್ಪುತ್ತದೆ.

ಗೆಳತಿಯ ಮನೆ ಸುಳ್ಳು, ಒಪ್ಪಿದೆ. ಹೇಳಿದ್ದರೆ ನೀನು ಮೊದಲ ವಾರವೇ ಲೆಕ್ಕ ಎತ್ತಿಟ್ಟು ಓಡಿ ಬರುತ್ತಿದ್ದೆ. ನಿನಗೆ ಓಡಲು ಒಂದು ನೆಪ ಸಾಕು, ನಿನ್ನ ಅತ್ತೆಗೆ ಗೊತ್ತಿಲ್ಲವೇ? ಆದರೆ ಲೆಕ್ಕದಲ್ಲಿ ನಾನು ಒಂದಕ್ಷರ ಸುಳ್ಳು ಬರೆದಿಲ್ಲ. ಪ್ರತಿ ಮೀಟರೂ ನಡೆದದ್ದೇ.

ಇಲ್ಲಿಯ ನಿಯಮ ಹೇಳುತ್ತೇನೆ. ಯಾರನ್ನೂ ಹಿಡಿಯದೆ ಈ ಮೂವತ್ತಾರು ಮೀಟರ್ ಹಜಾರ ಪೂರ್ತಿ ನಡೆದವರನ್ನು ಮನೆಗೆ ಕಳಿಸುತ್ತಾರೆ. ನಡೆಯಲು ಕಲಿಸುವ ಹುಡುಗನಿಗೆ ನಾನು ನಡಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಅವನು ಹೇಳಿದ ದಾರಿ ವಾರಕ್ಕೆ ಸ್ವಲ್ಪ ಸ್ವಲ್ಪ. ನೀನು ಬರೆದೆಯಲ್ಲ, ಒಂದು ಸಲ ಮನಸ್ಸು ಮಾಡಬಾರದಾ ಎಂದು. ಹದಿನೈದು ನಡೆದ ಮರುದಿನ ಅವನಿಲ್ಲದಾಗ ಪೂರ್ತಿ ನಡೆದುಬಿಡಲು ಹೊರಟೆ. ನಡುವೆ ಕಾಲು ಸೋತಿತು, ಬಿದ್ದೆ. ಮೂಳೆಗೇನೂ ಆಗಲಿಲ್ಲ, ಆದರೆ ಎರಡು ವಾರ ಮಂಚ.

ಮುಖ ಸಣ್ಣ ಮಾಡಬೇಡ, ನಿನ್ನ ಮಾತು ಬೀಳಿಸಲಿಲ್ಲ. ನೀನು ಮಾಡಿದ ತಪ್ಪನ್ನೇ ನಾನೂ ಮಾಡಿದೆ, ಅದೇ ವಾರ. ಗುಣಿಸಬಾರದ ಹೊತ್ತನ್ನು ಗುಣಿಸಿದೆ. ಮೇಷ್ಟ್ರು ಅಂದ, "ಏನಜ್ಜಿ, ಲೆಕ್ಕದ ಟೀಚರ್ ಅಂತೀರ, ವಾರ ಎಣಿಸೋಕೆ ಬರಲ್ವಾ?" ನಿನ್ನ ಮೇಸ್ತ್ರಿಗೂ ಇವನಿಗೂ ಒಂದೇ ಬಾಯಿ.

ಪರೀಕ್ಷೆಗೆ ಕೂರು. ಈ ಸಲ ಕೂರುತ್ತೇನೆ ಎಂದು ಬರೆದವಳು ನೀನು. ನಾನು ನಿಂತು ತೋರಿಸುತ್ತೇನೆ, ನೀನು ಕೂತು ತೋರಿಸು.

ನಿನ್ನೆ ಹಜಾರದ ಅರ್ಧ.

ಅತ್ತೆ

ಏಪ್ರಿಲ್ 13

ಅತ್ತೆ,

ಹದಿನೆಂಟು ಮೀಟರ್. ಕೂತೆ.

ಪ್ಯಾಕಿಂಗ್ ಕೋಣೆಯಲ್ಲಿ ಬೆಂಚು ಹಾಕಿದ್ದರು. ನಾಲ್ಕನೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಕಾಲು ಕುಣಿಯತೊಡಗಿತು. ಎದ್ದು ಬಾಗಿಲ ಹತ್ತಿರ ಹೋಗಿ ಬಂದರೆ ಸಾಕು ಅನ್ನಿಸಿತು. ನೀನು ಹಜಾರದಲ್ಲಿ ಕಾಲು ಎತ್ತಿ ಇಡುತ್ತಿರುವುದನ್ನು ನೆನೆದೆ. ನನ್ನ ಕಾಲನ್ನು ಬೆಂಚಿನ ಕಾಲಿಗೆ ಸುತ್ತಿ ಹಿಡಿದೆ.

ಒಂಬತ್ತನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. "ತುಂಬು ತೊಟ್ಟಿಗೆ ತೊಂಬತ್ತು ಕಿಲೋ ನೂಲು, ಹನ್ನೆರಡು ಕಿಲೋ ಉಪ್ಪು, ನಲವತ್ತೈದು ನಿಮಿಷ. ಅರವತ್ತು ಕಿಲೋ ನೂಲಿಗೆ ಉಪ್ಪು ಎಷ್ಟು, ನಿಮಿಷ ಎಷ್ಟು?" ನನ್ನ ಹಾಳಾದ ನೂಲನ್ನೇ ಮೇಸ್ತ್ರಿ ಪ್ರಶ್ನೆ ಮಾಡಿದ್ದರು. ಉಪ್ಪು ಎಂಟು, ನಿಮಿಷ ನಲವತ್ತೈದೇ ಎಂದು ಬರೆದೆ. ಬರೆದರೂ ಮನಸ್ಸು ಒಪ್ಪಲಿಲ್ಲ. ಕಾಗದ ಕೊಡುವಾಗ ಹೇಳಿದೆ, "ಒಂಬತ್ತನೇದು ಲೆಕ್ಕಕ್ಕೆ ತಗೋಬೇಡಿ. ನನಗೆ ಮೊದಲೇ ಗೊತ್ತಿತ್ತು."

ಮೇಸ್ತ್ರಿ ಕನ್ನಡಕದ ಮೇಲಿಂದ ನೋಡಿದರು. "ಕೈ ಸುಟ್ಕೊಂಡು ಕಲಿತದ್ದನ್ನ ಕಾಪಿ ಅಂತಾರೇನೇ? ಹೋಗು, ನೂಲು ಒಣಗಿಸು."

ಫಲಿತಾಂಶ ಇನ್ನೂ ಬಂದಿಲ್ಲ. ನೀನು ಬರೆ.

ಚಡಪಡಿ

ಏಪ್ರಿಲ್ 20

ಚಡಪಡಿ,

ಮೇ ತಿಂಗಳ ಮೊದಲ ಭಾನುವಾರ ಬಾ ಎಂದು ಈಗ ನಾನೇ ಕರೆಯುತ್ತಿದ್ದೇನೆ. ರಜೆ ಸಿಗದಿದ್ದರೆ ಮೇಸ್ತ್ರಿಗೆ ನಿಜ ಹೇಳು. ಹೇಗೂ ನಿನಗೆ ಬೇರೆ ಏನೂ ಹೇಳಲು ಬರುವುದಿಲ್ಲ.

ಅಷ್ಟರಲ್ಲಿ ಹಜಾರದ ಮುಕ್ಕಾಲು ಭಾಗ ನಡೆಯುತ್ತೇನೆ ಎಂದು ನಡಿಗೆ ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು. ಅಲ್ಲಿಗೆ ಬಂದಾಗ ನನಗೆ ಕೂರಬೇಕಾಗುತ್ತದೆ. ಮೂವತ್ತಾರರ ಮುಕ್ಕಾಲು ಎಷ್ಟೆಂದು ಲೆಕ್ಕ ಹಾಕು. ಸರಿಯಾಗಿ ಆ ಜಾಗದಲ್ಲಿ ಕುರ್ಚಿ ಹಿಡಿದು ನಿಲ್ಲು. ಉತ್ತರ ತಪ್ಪಾದರೆ ನೆಲದ ಮೇಲೆ ಕೂರುವವಳು ನಾನು.

ಪರೀಕ್ಷೆ ಏನಾಯಿತು?

ಅತ್ತೆ

ಏಪ್ರಿಲ್ 24

ಅತ್ತೆ,

ಹತ್ತರಲ್ಲಿ ಒಂಬತ್ತು. ತಪ್ಪಾದದ್ದು ಆರನೆಯದು. ನಲವತ್ತೆರಡರ ಆರನೇ ಐದು ಭಾಗ. ಗುಡ್ಡೆ ಸರಿಯಾಗಿ ಮಾಡಿದೆ, ಏಳೈದ್ಲಿ ಮೂವತ್ತಾರು ಎಂದು ಬರೆದೆ. ತಲೆಯಲ್ಲಿ ನಿನ್ನ ಹಜಾರ ತುಂಬಿಕೊಂಡಿತ್ತು, ಅದಕ್ಕೆ ನಿನ್ನನ್ನು ದೂರುವುದಿಲ್ಲ. ಸೋಮವಾರದಿಂದ ಸಣ್ಣ ತೊಟ್ಟಿ ನನ್ನದು. "ಗಡಿಯಾರದ ಹತ್ತಿರ ಹೋಗಬೇಡ, ಅದನ್ನೂ ಗುಣಿಸ್ತೀಯ," ಎಂದರು ಮೇಸ್ತ್ರಿ. ರಜೆಯನ್ನೂ ಕೊಟ್ಟರು.

ಭಾನುವಾರ ಬರುತ್ತೇನೆ. ಮೂವತ್ತಾರನ್ನು ನಾಲ್ಕು ಗುಡ್ಡೆ ಮಾಡಿದರೆ ಒಂದೊಂದರಲ್ಲಿ ಒಂಬತ್ತು, ಮೂರು ಎತ್ತಿಕೊಂಡರೆ ಇಪ್ಪತ್ತೇಳು. ಈ ಸಲ ಬಾಯಲ್ಲಿ ಹೇಳಲಿಲ್ಲ, ಗುಣಿಸಿಯೇ ನೋಡಿದೆ. ಅಪ್ಪನ ಗ್ಯಾರೇಜಿನಿಂದ ಅಳತೆಯ ಟೇಪು ತರುತ್ತಿದ್ದೇನೆ. ಕುರ್ಚಿ ಇಪ್ಪತ್ತೇಳನೆಯ ಮೀಟರಿನಲ್ಲಿ ಇರುತ್ತದೆ, ಒಂದು ಬೆರಳು ಆಚೆ ಈಚೆ ಇರುವುದಿಲ್ಲ. ಕುರ್ಚಿ ಹಿಡಿಯಲು ನಡಿಗೆ ಮೇಷ್ಟ್ರಿಗೆ ಹೇಳು.

ನಾನು ಮೂವತ್ತಾರರಲ್ಲಿ ನಿಂತಿರುತ್ತೇನೆ. ನೀನು ಕುರ್ಚಿಯಲ್ಲಿ ಕೂತುಬಿಡು, ನಾನೇನೂ ಅನ್ನುವುದಿಲ್ಲ. ಆ ಭಾನುವಾರ ಅಲ್ಲದಿದ್ದರೆ ಇನ್ನೊಂದು ಭಾನುವಾರ ಬಂದು ಅಲ್ಲೇ ನಿಲ್ಲುತ್ತೇನೆ. ಹೊತ್ತು ಎಷ್ಟು ಹಿಡಿಯುತ್ತದೋ ಅಷ್ಟು ಹಿಡಿಯಲಿ.

ಚಡಪಡಿ